‘ಎಲ್ಲರೂ ಹಾಕ್ಯಾರ’ ಅಂದ ಮಾತ್ರಕ್ಕೆ ಸುದ್ದಿ ಆಗುವುದಿಲ್ಲ

ಬೆಳಗಾವಿಯ ಪತ್ರಿಕೆ ಡೆಸ್ಕ್‌ನಲ್ಲಿ ಕೂತವರಿಗೆ ಮಳೆಗಾಲ ಅಂದ್ರೆ ಕೃಷ್ಣೆಯ ಲೆಕ್ಕ. ಮಹಾರಾಷ್ಟ್ರದ ಕೊಯ್ನಾ ಡ್ಯಾಂನಿಂದ ಎಷ್ಟು ನೀರು ಬಿಟ್ಟರು, ರಾಜಾಪುರ ಬ್ಯಾರೇಜಿನಿಂದ ಎಷ್ಟು ಬಂತು, ಕಲ್ಲೋಳದಲ್ಲಿ ಎಷ್ಟು ಹರೀತಿದೆ, ಹಿಪ್ಪರಗಿ ದಾಟಿ ಆಲಮಟ್ಟಿಗೆ ಎಷ್ಟು ಹೋಯ್ತು. ಕಲ್ಲೋಳ-ಯಡೂರ, ಜತ್ರಾಟ-ಭಿವಶಿ, ಮಲಿಕವಾಡ-ದತ್ತವಾಡ ಸೇತುವೆಗಳು ಮುಳುಗಿದ ಸುದ್ದಿಯನ್ನು ಹೆಚ್ಚುಕಡಿಮೆ ಪ್ರತಿ ವರ್ಷ ಬರೆಯುತ್ತೇವೆ. ಇತ್ತೀಚೆಗೆ ಇದರ ಜೊತೆಗೆ ಇನ್ನೊಂದು ಕೆಲಸ ಗಂಟುಬಿದ್ದಿದೆ. ಒಂದೊಂದು ಪಕ್ಷದ ಪರ ದಿನಾ ಮಾತಾಡುವ ಯೂಟ್ಯೂಬ್‌ನವರು, ಫೇಸ್‌ಬುಕ್ ಲೈವ್‌ನವರು ಯಾರೋ ಒಬ್ಬ ಅಧಿಕಾರಿಯ ಹೆಸರು ಹಿಡಿದು ಏನೋ ಒಂದು ಹಬ್ಬಿಸುತ್ತಾರೆ. ಅದು ರಾತ್ರಿ ಒಂಬತ್ತಕ್ಕೆ ನಮ್ಮ ಮೇಜಿಗೆ ಬರುತ್ತದೆ. ಡಾಕ್ ಎಡಿಷನ್ (ಊರುಗಳಿಗೆ ಹೋಗುವ, ಮೊದಲು ಅಚ್ಚಾಗುವ ಆವೃತ್ತಿ) ಹೋಗುವ ಹೊತ್ತಿಗೆ ಹಾಕೋದೋ ಬಿಡೋದೋ ಹೇಳಬೇಕು.

ಕಳೆದ ಪ್ರವಾಹದ ಹೊತ್ತಿನ ಒಂದು ಪ್ರಸಂಗ ನನಗೆ ಇನ್ನೂ ಚುಚ್ಚುತ್ತದೆ. ಹೊಸದಾಗಿ ಡೆಸ್ಕ್‌ಗೆ ಬರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ತಾಲ್ಲೂಕಿನ ಹೆಸರು, ಅಧಿಕಾರಿಯ ಹೆಸರು ಬೇಡ. ಆ ಹೆಣ್ಣುಮಗಳು ಸಾಕಷ್ಟು ಅನುಭವಿಸಿದ್ದಾರೆ.

ನದಿ ದಂಡೆಯ ಒಂದು ಊರಿನ ಶಾಲೆಯಲ್ಲಿ ಪ್ರವಾಹ ಸಂತ್ರಸ್ತರಿಗೆ ಕಾಳಜಿ ಕೇಂದ್ರ ತೆರೆದಿದ್ದರು. ತಹಶೀಲ್ದಾರ್ ಮೇಡಂ ಅಲ್ಲಿಗೆ ಹೋಗಿ ಜನರ ಜೊತೆ ಮಾತಾಡಿದ್ದರು. ಅದರ ಒಂಬತ್ತು ಸೆಕೆಂಡಿನ ವಿಡಿಯೊ ಸಂಜೆ ಹೊತ್ತಿಗೆ ಎಲ್ಲ ಗ್ರೂಪ್‌ಗಳಲ್ಲೂ ಓಡಾಡುತ್ತಿತ್ತು. ಅದರಲ್ಲಿ ಮೇಡಂ ಹೇಳುವುದು ಇಷ್ಟೇ: ‘ನಿಮಗ ಪರಿಹಾರ ಗಿರಿಹಾರ ಏನೂ ಬರೂದಿಲ್ಲ, ಸುಮ್ನ ಮನಿಗೆ ನಡೀರಿ.’

ಎರಡೂ ಕಡೆಯವರು ಇದನ್ನು ಎತ್ತಿಕೊಂಡರು. ಸರ್ಕಾರದ ವಿರೋಧಿ ಪಾಳಯದ ಒಬ್ಬ ವಿಶ್ಲೇಷಕ ‘ಇದು ಈ ಸರ್ಕಾರದ ನಿಜ ಬಣ್ಣ’ ಅಂತ ಲೈವ್ ಬಂದ. ಸರ್ಕಾರದ ಪರ ಇರುವವನು ಸುಮ್ನೆ ಕೂರಲಿಲ್ಲ. ‘ಹಿಂದಿನವರು ಕೂರಿಸಿ ಹೋದ ಅಧಿಕಾರಿ ಇವರು, ಬೇಕಂತಲೇ ಹೆಸರು ಕೆಡಿಸುತ್ತಿದ್ದಾರೆ’ ಅಂತ ಅವನೂ ಶುರು ಮಾಡಿದ. ಮೇಡಂ ನಿಜಕ್ಕೂ ಹಾಗೆ ಅಂದರಾ ಅಂತ ಇಬ್ಬರಲ್ಲಿ ಒಬ್ಬನೂ ಕೇಳಲಿಲ್ಲ. ಆ ಊರಿಗೆ ಒಂದು ಫೋನ್ ಕೂಡ ಮಾಡಲಿಲ್ಲ.

ನಮ್ಮ ಬ್ಯೂರೊದಿಂದ ಕಾಪಿ ಬಂದಾಗ ಒಂಬತ್ತೂವರೆ ದಾಟಿತ್ತು. ‘ಪರಿಹಾರ ಇಲ್ಲ, ಮನೆಗೆ ಹೋಗಿ ಎಂದರೇ ತಹಶೀಲ್ದಾರ್?’ ಅಂತ ಶೀರ್ಷಿಕೆ. ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ. ಒಳಗೆ ‘ಆಕ್ರೋಶ ವ್ಯಕ್ತವಾಗಿದೆ’, ‘ಎನ್ನಲಾಗಿದೆ’, ‘ವೈರಲ್ ಆಗಿದೆ’. ಆ ಕೇಂದ್ರದಲ್ಲಿ ಇದ್ದ ಒಬ್ಬರ ಮಾತೂ ಇರಲಿಲ್ಲ. ಪುಟದ ಮುಖ್ಯ ಸುದ್ದಿ, ಅಂದ್ರೆ ಲೀಡ್‌ಗೆ ಜಾಗ ಬಿಟ್ಟಿದ್ದರು.

ನಾನು ವಿಡಿಯೊ ಹಾಕಿಕೊಂಡು ನೋಡಿದೆ. ಮಾತಿಗಿಂತ ಜಾಸ್ತಿ ನನ್ನ ಕಣ್ಣಿಗೆ ಬಿದ್ದದ್ದು ಮುಂದಿನ ಸಾಲು. ಚಾಪೆ ಮೇಲೆ ಕೂತ ಒಬ್ಬ ಅಜ್ಜಿ ತಲೆ ಅಲ್ಲಾಡಿಸಿ ನಗುತ್ತಿದ್ದಳು. ಪಕ್ಕದವಳು ಮಗುವಿನ ಬಾಯಿ ಒರೆಸುತ್ತಿದ್ದಳು. ಮನೆಯೊಳಗೆ ನೀರು ನುಗ್ಗಿ ಶಾಲೆಗೆ ಬಂದು ಕೂತ ಜನ ಇವರು. ‘ನಿಮಗೇನೂ ಬರೂದಿಲ್ಲ’ ಅಂತ ಒಬ್ಬ ಅಧಿಕಾರಿ ಮುಖದ ಮೇಲೆ ಹೇಳಿದರೆ ನಮ್ಮ ಕಡೆಯ ಜನ ನಗುತ್ತಾ ಕೂರುತ್ತಾರಾ? ಅಲ್ಲೇ ಎದ್ದು ನಿಂತು ತರಾಟೆಗೆ ತೆಗೆದುಕೊಳ್ಳುತ್ತಾರೆ. ಇನ್ನೊಂದು, ವಿಡಿಯೊ ಮುಗಿಯುವಾಗ ಮೇಡಂ ಬಾಯಿ ಇನ್ನೂ ತೆರೆದೇ ಇತ್ತು. ಬಲಗೈ ಮೇಲೇಳುತ್ತಿತ್ತು. ಮಾತು ಮುಗಿದಿರಲಿಲ್ಲ, ಯಾರೋ ಅಲ್ಲಿಗೆ ಕತ್ತರಿಸಿದ್ದರು.

‘ಪೂರ್ತಿ ವಿಡಿಯೊ ಸಿಗೋವರೆಗೆ ಇದು ಹೋಗೋದು ಬೇಡ’ ಅಂದೆ.

‘ಎಲ್ಲರೂ ಹಾಕ್ಯಾರ್ರೀ. ನಾಳೆ ನಮ್ಮ ಪೇಪರ್‌ನ್ಯಾಗ ಅಷ್ಟ ಇಲ್ಲಂದ್ರ ಫೋನ್ ಯಾರು ತಗೋತಾರ?’ ಅಂದರು ಬ್ಯೂರೊ ಮುಖ್ಯಸ್ಥರು. ಅವರದ್ದೂ ತಪ್ಪು ಅಂತ ಒಂದೇ ಮಾತಲ್ಲಿ ತಳ್ಳಿಹಾಕಲು ಆಗದು. ಸುದ್ದಿ ಮಿಸ್ ಆದರೆ ಬೆಳಿಗ್ಗೆ ಏಳಕ್ಕೆ ಬೈಸಿಕೊಳ್ಳುವವರು ಅವರೇ. ಸುಳ್ಳು ಸುದ್ದಿ ಹೋದರೆ ಮಾತ್ರ ಯಾರನ್ನೂ ಕರೆದು ಕೇಳುವುದಿಲ್ಲ. ನಮ್ಮ ಕಚೇರಿಗಳ ರೋಗ ಇದೇ.

‘ಆರೋಪ ಅಂತ ಹಾಕೋಣ, ನಮ್ಮ ಮೈಮೇಲೆ ಬರಲ್ಲ’ ಅಂತ ಇನ್ನೊಬ್ಬರು ಅಂದರು. ಈ ಮಾತನ್ನು ನಾನು ಒಪ್ಪುವುದೇ ಇಲ್ಲ. ಆರೋಪ ಮಾಡಿದವನು ಅಲ್ಲಿ ಇದ್ದವನಾಗಿರಬೇಕು, ಇಲ್ಲಾ ಅವನ ಕೈಯಲ್ಲಿ ಏನಾದರೂ ಆಧಾರ ಇರಬೇಕು. ಬೇರೆ ಊರಲ್ಲಿ ಕೂತು ಮೊಬೈಲ್ ನೋಡಿ ಕೂಗಿದವನ ಮಾತನ್ನು ‘ಆರೋಪ’ ಅಂತ ಅಚ್ಚು ಹಾಕಿದರೆ, ಅವನಿಗೆ ಇಲ್ಲದ ಗೌರವವನ್ನು ನಾವೇ ಕೊಟ್ಟ ಹಾಗೆ. ಮರುದಿನ ಅವನು ನಮ್ಮ ಕಟಿಂಗ್ ತೋರಿಸಿ ‘ಪತ್ರಿಕೆಯಲ್ಲೂ ಬಂದಿದೆ’ ಅಂತಾನೆ.

ಮೇಡಂಗೆ ಫೋನ್ ಮಾಡಿದೆ. ಎತ್ತಿದರು. ಹಿಂದೆ ಜನರೇಟರ್ ಸದ್ದು. ‘ನಾನು ಹಾಗೆ ಹೇಳಿಲ್ಲ. ಆದರೆ ನಾನು ಸ್ಟೇಟ್‌ಮೆಂಟ್ ಕೊಡೋ ಹಾಗಿಲ್ಲ, ಡಿಸಿ ಆಫೀಸಿಗೆ ಕೇಳಿ’ ಅಂದರು. ಇದನ್ನು ಕೇಳಿ ನಮ್ಮಲ್ಲಿ ಒಬ್ಬರು ‘ನೋಡಿ, ಜಾರಿಕೊಳ್ತಿದ್ದಾರೆ’ ಅಂದರು. ಅದು ಜಾರಿಕೊಳ್ಳುವುದಲ್ಲ. ಸರ್ಕಾರಿ ನೌಕರರು ತಮ್ಮ ಅಧಿಕೃತ ಕೆಲಸದ ಬಗ್ಗೆ ಟೀಕೆ ಬಂದಾಗ, ಅನುಮತಿ ಇಲ್ಲದೆ ಪತ್ರಿಕೆಗೆ ಹೋಗಿ ಸಮರ್ಥಿಸಿಕೊಳ್ಳುವುದಕ್ಕೆ ನಡತೆ ನಿಯಮ ಅಡ್ಡ ಬರುತ್ತದೆ. ರಾಜಕಾರಣಿಗೆ ಬೈದರೆ ಅರ್ಧ ಗಂಟೆಯಲ್ಲಿ ಪತ್ರಿಕಾಗೋಷ್ಠಿ ಕರೆಯುತ್ತಾನೆ. ತಹಶೀಲ್ದಾರ್, ಪಿಡಿಒ, ನೀರಾವರಿ ಎಂಜಿನಿಯರ್ ಬಾಯಿ ಬಿಡುವ ಹಾಗಿಲ್ಲ. ಪಕ್ಷಗಳ ಪರ ಮಾತಾಡುವವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಇಂಥವರನ್ನೇ ಆರಿಸಿಕೊಳ್ಳುತ್ತಾರೆ.

ಆಲಮಟ್ಟಿ ವಿಷಯದಲ್ಲೂ ಇದೇ ಆಟ. ‘ದಿನಕ್ಕೆ ಒಂದು ಲಕ್ಷ ಕ್ಯೂಸೆಕ್ ಬಿಟ್ಟು ಎಂಜಿನಿಯರ್‌ಗಳು ಡ್ಯಾಂ ಖಾಲಿ ಮಾಡಿದರು, ರೈತರಿಗೆ ದ್ರೋಹ’ ಅಂತ ಒಬ್ಬ ಕೂಗಿದ್ದ. ಒಂದು ಲಕ್ಷ ಕ್ಯೂಸೆಕ್, ಅಂದ್ರೆ ಸೆಕೆಂಡಿಗೆ ಒಂದು ಲಕ್ಷ ಘನ ಅಡಿ ನೀರು, ಇಪ್ಪತ್ನಾಲ್ಕು ಗಂಟೆ ಹರಿದರೆ 8.64 ಟಿಎಂಸಿ ಆಗುತ್ತದೆ (ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ). ಆಲಮಟ್ಟಿ ಹಿಡಿಯುವುದು ಸುಮಾರು 123 ಟಿಎಂಸಿ. ಒಳಹರಿವು ಒಂದು ಹನಿ ಇಲ್ಲದಿದ್ದರೂ ಖಾಲಿ ಆಗಲು ಎರಡು ವಾರ ಬೇಕು. ಮಳೆಗಾಲದಲ್ಲಿ ಮೇಲಿನಿಂದ ಅಷ್ಟೇ ನೀರು ಬರುತ್ತಿರುತ್ತದೆ. ನೀರಿನ ಮಟ್ಟ ಡ್ಯಾಂ ತುಂಬುವ 519.60 ಮೀಟರ್ ದಾಟದ ಹಾಗೆ ನೋಡಿಕೊಳ್ಳುವುದೇ ಆ ಎಂಜಿನಿಯರ್‌ನ ಕೆಲಸ. ಬಿಡದಿದ್ದರೆ ‘ಹಿನ್ನೀರಿನಿಂದ ನಮ್ಮನ್ನು ಮುಳುಗಿಸಿದರು’ ಅಂತ ಸಾಂಗ್ಲಿ, ಕೊಲ್ಹಾಪುರದ ಕಡೆಯಿಂದ ಬೈಗುಳ. ಬಿಟ್ಟರೆ ಇಲ್ಲಿಯವರದ್ದು. ಐದು ನಿಮಿಷದ ಗುಣಾಕಾರ ಮಾಡದೆ ಒಬ್ಬ ಮನುಷ್ಯನನ್ನು ದ್ರೋಹಿ ಅಂದುಬಿಡುತ್ತಾರೆ.

ಮತ್ತೆ ಆ ರಾತ್ರಿಗೆ ಬರುತ್ತೇನೆ. ನಮ್ಮ ತಾಲ್ಲೂಕು ವರದಿಗಾರ ಆ ದಿನ ಅದೇ ಕೇಂದ್ರಕ್ಕೆ ಹೋಗಿದ್ದ. ‘ಸರ್ರ, ಮೇಡಂ ಮಾತಾಡೂ ಮುಂದ ನಾ ಹೊರಗ ಊಟದ ಸಾಲಿನ ಫೋಟೊ ತೆಗಿಯಾಕತ್ತಿದ್ದೆ. ಆದ್ರ ಒಂದು ಹುಡುಗಿ ಪೂರಾ ವಿಡಿಯೊ ಮಾಡ್ಯಾಳ. ಕಾಲೇಜ್ ಹುಡುಗಿ. ಆಕಿ ನಂಬರ್ ಹುಡಕ್ತೀನಿ’ ಅಂದ. ಗಡಿಯಾರ ಹತ್ತು ದಾಟಿತ್ತು. ಆ ಊರಲ್ಲಿ ಕರೆಂಟ್ ಇರಲಿಲ್ಲ, ಟವರ್ ಆಗಾಗ ಸಾಯುತ್ತಿತ್ತು. ಗ್ರಾಮ ಆಡಳಿತ ಅಧಿಕಾರಿಗೆ ಫೋನ್ ಮಾಡಿ, ಅವರಿಂದ ಅಡುಗೆ ನೋಡಿಕೊಳ್ಳುವವರಿಗೆ, ಅವರಿಂದ ಆ ಹುಡುಗಿಗೆ. ಆಕೆ ಮೊದಲು ಕೊಡಲು ಒಪ್ಪಲಿಲ್ಲ. ‘ನಮ್ಮಪ್ಪಗ ತೊಂದರೆ ಆಗ್ತೈತಿ’ ಅಂದಳಂತೆ. ನಿನ್ನ ಹೆಸರು ಎಲ್ಲೂ ಬರುವುದಿಲ್ಲ ಅಂತ ನಾನೇ ಮಾತಾಡಿದ ಮೇಲೆ ಕಳಿಸಿದಳು.

ಫೈಲ್ ದೊಡ್ಡದು. ವಾಟ್ಸ್‌ಆ್ಯಪ್‌ನಲ್ಲಿ ಚಕ್ರ ತಿರುಗುತ್ತಲೇ ಇತ್ತು. ಪುಟ ಕಟ್ಟುವ ಪೇಜಿನೇಟರ್ ಹುಡುಗ ನನ್ನ ಹಿಂದೆ ಬಂದು ನಿಂತಿದ್ದ. ‘ಪುಟ ಬಿಡ್ಲಾ ಸರ್? ಪ್ರಿಂಟಿಂಗ್‌ನವರು ಎರಡು ಸಲ ಫೋನ್ ಮಾಡಿದ್ರು.’ ಲೀಡ್ ಜಾಗಕ್ಕೆ ಘಟಪ್ರಭಾ ಮಟ್ಟದ ಸುದ್ದಿ, ಲೋಳಸೂರ ಸೇತುವೆಯ ಫೋಟೊ ಇಟ್ಟು ಸಿದ್ಧ ಮಾಡಿಸಿದ್ದೆ. ಚಕ್ರ ನಿಂತಿತು. ಮತ್ತೆ ಶುರುವಾಯಿತು. ಕೊನೆಗೆ ತೆರೆಯಿತು.

ಮೇಡಂ ಹೇಳಿದ್ದು ಹೀಗಿತ್ತು: ‘ನಾಳೆ ಸರ್ವೆಕ್ಕ ನಮ್ಮವರು ಬರ್ತಾರ. ಮನಿಯೊಳಗ ನೀರು ಬಂದವರು ಎಲ್ಲಾರೂ ಹೆಸರು ಬರಸ್ರಿ. ನಡುವ ಯಾರರ ಬಂದು, ನಿಮಗ ಪರಿಹಾರ ಗಿರಿಹಾರ ಏನೂ ಬರೂದಿಲ್ಲ, ಸುಮ್ನ ಮನಿಗೆ ನಡೀರಿ ಅಂತ ಅಂದ್ರ, ರೊಕ್ಕ ಕೇಳಿದ್ರ, ಅವರ ಹೆಸರು ನನಗ ಹೇಳ್ರಿ. ಈ ನಂಬರ್ ಬರಕೋರಿ.’

ಕತ್ತರಿ ಬಿದ್ದದ್ದು ‘ಅಂತ’ ಅನ್ನುವುದಕ್ಕೆ ಸರಿಯಾಗಿ ಮೊದಲು. ಮೊಬೈಲ್ ಕೈತಪ್ಪಿ ಹಾಗೆ ಆಗುವುದಿಲ್ಲ. ಹಿಂದಿನದ್ದನ್ನೂ ಮುಂದಿನದ್ದನ್ನೂ ಕೂತು ಕೇಳಿಯೇ ಯಾರೋ ಕತ್ತರಿಸಿದ್ದಾರೆ. ಮಧ್ಯವರ್ತಿಗಳ ವಿರುದ್ಧ ಆಡಿದ ಮಾತನ್ನು ಆಕೆಯ ಬಾಯಿಗೇ ಕಟ್ಟಿದ್ದಾರೆ. ಅಜ್ಜಿ ನಕ್ಕದ್ದು ಆ ಮಧ್ಯವರ್ತಿಗಳನ್ನು ನೆನೆಸಿಕೊಂಡು ಇರಬೇಕು. 2019ರ ಪ್ರವಾಹದಲ್ಲಿ ತಕ್ಷಣದ ನೆರವು ಹತ್ತು ಸಾವಿರ, ಪೂರ್ತಿ ಬಿದ್ದ ಮನೆಗೆ ಐದು ಲಕ್ಷ ಅಂತ ಸರ್ಕಾರ ಕೊಟ್ಟಿತ್ತು. ಮನೆಗಳ ಹಾನಿಯನ್ನು ಎ, ಬಿ, ಸಿ ಅಂತ ವರ್ಗ ಮಾಡುವಾಗ ಎಷ್ಟು ಜಗಳ ಆಗಿತ್ತು ಅನ್ನುವುದು ದಂಡೆಯ ಊರಿನವರಿಗೆಲ್ಲ ಗೊತ್ತು. ಪಟ್ಟಿಯಲ್ಲಿ ಹೆಸರು ಇರುವುದಕ್ಕೂ ಇಲ್ಲದಿರುವುದಕ್ಕೂ ಒಂದು ಮನೆಯಷ್ಟು ವ್ಯತ್ಯಾಸ.

ವೆಬ್ ಡೆಸ್ಕ್‌ನವರು ‘ಹಾಗೆ ಅಂದರಾ ತಹಶೀಲ್ದಾರ್? ಇಲ್ಲಿದೆ ಸತ್ಯ’ ಅಂತ ಹಾಕೋಣ ಅಂದರು. ಬೇಡ ಅಂದೆ. ಜನ ಓದುವುದು ಶೀರ್ಷಿಕೆ ಒಂದೇ, ಅದರಲ್ಲಿ ಮತ್ತೆ ಆ ಸುಳ್ಳೇ ಇರುತ್ತದೆ. ‘ಮನೆಗೆ ನೀರು ನುಗ್ಗಿದವರು ಹೆಸರು ಬರೆಸಿ, ದುಡ್ಡು ಕೇಳಿದರೆ ದೂರು ಕೊಡಿ: ತಹಶೀಲ್ದಾರ್’ ಅಂತ ಕೊಟ್ಟೆವು. ನಿಜವಾದ ಸುದ್ದಿ ಅದೇ ಅಲ್ವಾ? ಕತ್ತರಿಸಿದ ವಿಡಿಯೊ ಬಗ್ಗೆ ಕೆಳಗೆ ಎರಡು ಪ್ಯಾರಾ. ಡಾಕ್‌ಗೆ ಸಿಗಲಿಲ್ಲ, ಸಿಟಿ ಎಡಿಷನ್‌ನಲ್ಲಿ ಬಂತು. ಆದರೆ ದಂಡೆಯ ಊರುಗಳಿಗೆ ಹೋಗುವುದು ಡಾಕ್ ಎಡಿಷನ್. ಈ ನೋವು ನನಗೆ ಹೋಗಿಲ್ಲ.

ಪೂರ್ತಿ ವಿಡಿಯೊ ತೋರಿಸಿದರೆ ಆ ವಿಶ್ಲೇಷಕರು ತೆಗೆದುಹಾಕುತ್ತಾರೆ ಅಂತ ನಾನು ನಂಬಿದ್ದೆ. ಹಾಗಾಗಲಿಲ್ಲ. ಮರುದಿನ ಒಬ್ಬ ‘ವಿಡಿಯೊ ಏನೇ ಇರಲಿ, ಅಧಿಕಾರಿಗಳ ಧೋರಣೆ ಇರೋದೇ ಹಾಗೆ’ ಅಂದ. ಇನ್ನೊಬ್ಬ ಕಾಳಜಿ ಕೇಂದ್ರದ ಸ್ಥಿತಿ ಅಂತ ಒಂದು ಫೋಟೊ ಹಾಕಿದ. ನೀರಲ್ಲಿ ನಿಂತ ಮಕ್ಕಳು, ಹಿಂದೆ ಹಸಿರು ಬಣ್ಣದ ಗೋಡೆ. ಅದು 2019ರ ಆಗಸ್ಟ್‌ನಲ್ಲಿ ನಮ್ಮ ಫೋಟೊಗ್ರಾಫರೇ ತೆಗೆದದ್ದು. ಆ ಗೋಡೆ ಈಗ ಇಲ್ಲ, ಕಟ್ಟಡ ಕೆಡವಿ ಹೊಸದು ಕಟ್ಟಿದ್ದಾರೆ. ನಮ್ಮದೇ ಫೋಟೊ ಸುಳ್ಳಿಗೆ ಸಾಕ್ಷಿಯಾಗಿ ನಮ್ಮ ಮುಂದೆಯೇ ಬಂದು ನಿಂತಿತ್ತು. ಅದನ್ನು ಆರ್ಕೈವ್‌ನಿಂದ ಹುಡುಕಿ ತೆಗೆಯಲು ಅರ್ಧ ದಿನ ಬೇಕಾಯ್ತು. ಊರಿನ ಹೆಸರು ಹಾಕಿ ಹುಡುಕಿದರೆ ಸಿಗುವ ವ್ಯವಸ್ಥೆ ನಮ್ಮಲ್ಲಿ ಇಲ್ಲ.

ಇದರಿಂದ ಆದ ನಷ್ಟ ಮೇಡಂ ಒಬ್ಬರದ್ದಲ್ಲ. ಆ ರಾತ್ರಿಯೇ ಕೆಲವು ಕುಟುಂಬಗಳು ಕೇಂದ್ರ ಬಿಟ್ಟು ಹೋದವು ಅಂತ ನಮ್ಮ ವರದಿಗಾರ ಹೇಳಿದ. ‘ಏನೂ ಕೊಡೂದಿಲ್ಲಂದ ಮ್ಯಾಲ ಇಲ್ಲಿದ್ದು ಏನು ಮಾಡೂದು’ ಅಂತ ನೆಂಟರ ಊರಿಗೆ ಹೋದರಂತೆ. ಸರ್ವೆ ಬಂದಾಗ ಅವರು ಇರಲಿಲ್ಲ. ಆಮೇಲೆ ಅರ್ಜಿ ಹಿಡಿದು ನಾಡ ಕಚೇರಿಗೆ ಅಲೆದರು. ಲೈವ್‌ನಲ್ಲಿ ಅವರ ಪರವಾಗಿ ಕೂಗಿದ ಇಬ್ಬರಲ್ಲಿ ಒಬ್ಬನೂ ಆ ಅರ್ಜಿ ಬಗ್ಗೆ ಮಾತಾಡಿದ್ದು ನಾನು ನೋಡಲಿಲ್ಲ.

ಮೇಡಂಗೆ ಕೆಲವು ತಿಂಗಳಲ್ಲಿ ವರ್ಗಾವಣೆ ಆಯಿತು. ಆದೇಶದಲ್ಲಿ ಕಾರಣ ಇರಲಿಲ್ಲ. ಹಾಗಾಗಿ ಇದೇ ಕಾರಣ ಅಂತ ನಾನು ಬರೆಯುವುದಿಲ್ಲ.

‘ಕೇಸ್ ಹಾಕಿಸಬೇಕಿತ್ತು’ ಅಂತ ಆಫೀಸಲ್ಲಿ ಹೇಳುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ವದಂತಿ ಹಬ್ಬಿಸಿದವರಿಗೆ ಹಾಕುವ ಕಲಂ ನಾಳೆ ಕೆರೆ ಒತ್ತುವರಿ ಬಗ್ಗೆ ಬರೆದ ನಮ್ಮ ವರದಿಗಾರನ ಮೇಲೂ ಬೀಳಬಹುದು. ಅಧಿಕಾರಿಗಳನ್ನು ಪ್ರಶ್ನೆ ಮಾಡಬೇಕು, ಗಟ್ಟಿಯಾಗಿಯೇ ಮಾಡಬೇಕು. ಅದೇ ತಾಲ್ಲೂಕಿನಲ್ಲಿ ದೋಣಿ ತಡವಾಗಿ ಬಂತು, ಮೇವು ಸಾಲಲಿಲ್ಲ ಅಂತ ನಾವೇ ಬರೆದಿದ್ದೇವೆ. ಆ ಸುದ್ದಿಗಳಿಗೆ ಮೇಡಂ ಬೇಸರ ಮಾಡಿಕೊಂಡರು, ಆದರೆ ಒಂದನ್ನೂ ಸುಳ್ಳು ಅನ್ನಲಿಲ್ಲ.

ಈಗ ನನ್ನ ಮೇಜಿಗೆ ಕತ್ತರಿಸಿದ ವಿಡಿಯೊ ಬಂದರೆ ಮೂಲ ಯಾರ ಹತ್ತಿರ ಇದೆ ಅಂತ ಮೊದಲು ಕೇಳುತ್ತೇನೆ. ‘ಫಾರ್ವರ್ಡ್ ಬಂದದ್ದು’ ಅಂದರೆ ಆ ಕಾಪಿ ಅಲ್ಲಿಗೇ ನಿಲ್ಲುತ್ತದೆ. ಸ್ಥಳದಲ್ಲಿದ್ದ ಇಬ್ಬರ ಮಾತು ಬೇಕು ಅನ್ನುತ್ತೇನೆ. ಜಾಗ ಖಾಲಿ ಬಿಡಬಾರದು ಅಂತ ಬದಲಿ ಸುದ್ದಿ ಒಂಬತ್ತಕ್ಕೇ ಸಿದ್ಧ ಮಾಡಿಸುತ್ತೇನೆ. ಪ್ರಶ್ನಾರ್ಥಕ ಚಿಹ್ನೆಯ ಶೀರ್ಷಿಕೆ ನನ್ನ ಪುಟದಲ್ಲಿ ಬರುವುದಿಲ್ಲ.

ಆದರೆ ಇದೆಲ್ಲ ನಡೆಯುವುದು ತಾಲ್ಲೂಕಿನಲ್ಲಿ ಮನುಷ್ಯ ಇದ್ದರೆ ಮಾತ್ರ. ಆ ರಾತ್ರಿ ಸತ್ಯ ತಂದುಕೊಟ್ಟವನು ನಮ್ಮ ಅರೆಕಾಲಿಕ ವರದಿಗಾರ. ಅವನಿಗೆ ನಾವು ಕಾಲಂ ಲೆಕ್ಕದಲ್ಲಿ ದುಡ್ಡು ಕೊಡುತ್ತೇವೆ. ಹಾಕದೆ ಬಿಟ್ಟ ಸುಳ್ಳು ಸುದ್ದಿಗೆ ಕಾಲಂ ಇಲ್ಲ, ದುಡ್ಡೂ ಇಲ್ಲ. ಅಷ್ಟು ಫೋನ್ ಮಾಡಿದ್ದು ಅವನದೇ ರೀಚಾರ್ಜ್‌ನಲ್ಲಿ. ನದಿ ದಂಡೆಯ ತಾಲ್ಲೂಕುಗಳ ವರದಿಗಾರರಿಗೆ ಮಳೆಗಾಲದ ಮಟ್ಟಿಗಾದರೂ ತಿಂಗಳ ಸಂಬಳ, ಫೋನ್ ಖರ್ಚು, ಒಂದು ಪವರ್ ಬ್ಯಾಂಕ್ ಕೊಡಿ ಅಂತ ಮ್ಯಾನೇಜ್‌ಮೆಂಟ್‌ಗೆ ಬರೆದು ಕೊಟ್ಟಿದ್ದೇನೆ. ‘ಬಜೆಟ್‌ನಲ್ಲಿ ನೋಡೋಣ’ ಅಂದಿದ್ದಾರೆ. ಜೂನ್ ಒಳಗೆ ಉತ್ತರ ಬರದಿದ್ದರೆ ಮತ್ತೆ ಬರೆಯುತ್ತೇನೆ.