ಏನೂ ಆಗದಿದ್ದಾಗ ಆಸ್ಪತ್ರೆಗೆ ಹೋದದ್ದು

ಸಿ.ಎಲ್. ರಜೆಗೆ ಅರ್ಜಿ ಕೊಟ್ಟಾಗ ನಮ್ಮ ಹೆಡ್‌ಮಾಸ್ಟರು ಕನ್ನಡಕದ ಮೇಲಿಂದ ನೋಡಿದರು. "ಮನೇಲಿ ಯಾರಿಗೆ ಹುಷಾರಿಲ್ಲ ಮೇಡಂ?"

"ಎಲ್ಲರೂ ಚೆನ್ನಾಗಿದ್ದಾರೆ ಸಾರ್. ಆಸ್ಪತ್ರೆಗೆ ಹೋಗ್ಬೇಕಾಗಿರೋದು ನಾನು."

"ಅಯ್ಯೋ, ಏನಾಯ್ತು?"

"ಏನೂ ಆಗಿಲ್ಲ."

ಸಹಿ ಹಾಕಿದರು, ಆದರೆ ನಂಬಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಸುದ್ದಿ ಬೆಳೆದಿತ್ತು. ನನಗೆ ಏನೋ ದೊಡ್ಡದೇ ಆಗಿದೆಯಂತೆ, ಹೇಳಿಕೊಳ್ಳುತ್ತಿಲ್ಲವಂತೆ.

ನಮ್ಮ ಕಡೆ ಆಸ್ಪತ್ರೆಗೆ ಹೋಗಬೇಕಾದರೆ ಜ್ವರ, ಸುಸ್ತು, ಹೋಗಲಿ ಒಂದು ಮಂಡಿ ನೋವಾದರೂ ಇರಬೇಕು. ನನಗಿದ್ದ ಕಾರಣ ನಮ್ಮಪ್ಪ. ಅವರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾದದ್ದೇ ಕಾಲಿನ ಹೆಬ್ಬೆರಳಿನ ಗಾಯ ವಾರಗಟ್ಟಲೆ ಮಾಯದೆ ಹೋದಾಗ. ಅಲ್ಲಿಯವರೆಗೆ ಅವರೂ ಚೆನ್ನಾಗಿಯೇ ಇದ್ದರು. ತೋಟಕ್ಕೆ ಹೋಗುತ್ತಿದ್ದರು, ಹಬ್ಬ ಬಂದರೆ ಒಬ್ಬಟ್ಟಿಗೆ ತುಪ್ಪ ಸುರಿದುಕೊಂಡು ತಿನ್ನುತ್ತಿದ್ದರು. ಬೆರಳು ಉಳಿಯಲಿಲ್ಲ. ಅಪ್ಪನಿಗೋ ಅಮ್ಮನಿಗೋ ಸಕ್ಕರೆ ಇದ್ದರೆ ಮಕ್ಕಳಿಗೂ ಬರುವ ಸಾಧ್ಯತೆ ಜಾಸ್ತಿ. ನನಗೆ ನಲವತ್ತು ದಾಟಿದೆ. ಇಷ್ಟು ಸಾಕಲ್ವಾ?

ಖಾಲಿ ಹೊಟ್ಟೆಯಲ್ಲಿ ಹೋಗಬೇಕಿತ್ತು. ಎಲ್ಲರಿಗೂ ಕಾಫಿ ಬೆರೆಸಿ, ಉಪ್ಪಿಟ್ಟು ಮಾಡಿಟ್ಟು, ನಾನು ಮಾತ್ರ ನೀರು ಕುಡಿದು ಹೊರಟೆ. ಅತ್ತೆಗೆ ಸಂಕಟ. "ಒಂದು ಲೋಟ ಕಾಫಿ ಕುಡಿದ್ರೆ ಏನಾಗುತ್ತೆ?" ಅಂದರು. ಏಕಾದಶಿ ಅಂದಿದ್ದರೆ ಅವರೇ ಮೆಚ್ಚುತ್ತಿದ್ದರು. ದೇವರಿಗೆ ಉಪವಾಸ ಇದ್ದರೆ ಭಕ್ತಿ, ರಕ್ತ ಕೊಡಲು ಇದ್ದರೆ ಹಟ.

ತಾಲೂಕು ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಹುಡುಗನೂ "ಏನ್ ತೊಂದ್ರೆ?" ಅಂತಲೇ ಶುರು ಮಾಡಿದ. ಚೆಕಪ್ ಅಂದೆ. ಎನ್‌ಸಿಡಿ ಕ್ಲಿನಿಕ್, ಅಂದರೆ ಒಬ್ಬರಿಂದೊಬ್ಬರಿಗೆ ಅಂಟದ ಕಾಯಿಲೆಗಳ ವಿಭಾಗ, ಅಂತ ಬರೆದುಕೊಟ್ಟ. 30 ವರ್ಷ ದಾಟಿದವರಿಗೆ ಬಿಪಿ, ಸಕ್ಕರೆ, ಬಾಯಿ ಕ್ಯಾನ್ಸರ್, ಹೆಂಗಸರಿಗೆ ಸ್ತನ ಮತ್ತು ಗರ್ಭಕೋಶದ ಬಾಯಿಯ ಕ್ಯಾನ್ಸರ್, ಇಷ್ಟಕ್ಕೆ ಸರ್ಕಾರವೇ ತಪಾಸಣೆ ಮಾಡಿಸುತ್ತದೆ. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಬೀಡಿ ಸೇದ್ತೀರಾ, ಸೊಂಟದ ಸುತ್ತಳತೆ ಎಷ್ಟು ಅಂತೆಲ್ಲ ಕೇಳಿ ಫಾರಂ ತುಂಬುವುದು ಇದಕ್ಕೇ. ನಾವು ಅದನ್ನು ಜನಗಣತಿ ಅಂದುಕೊಂಡು ಬಾಗಿಲಲ್ಲೇ ಮಾತು ಮುಗಿಸಿ ಕಳಿಸುತ್ತೇವೆ.

ರಕ್ತ ಕೊಟ್ಟು ಬಂದ ಮೇಲೆ ಬಿಪಿ. ಮೆಟ್ಟಿಲು ಹತ್ತಿ ಬಂದು, ಪಕ್ಕದವರ ಜೊತೆ ಮಾತಾಡುತ್ತಲೇ ಕೈ ಚಾಚಿದೆ. 148/92 ಬಂತು. ಎದೆ ಧಸಕ್ಕೆಂದಿತು. ಸಿಸ್ಟರ್ ಮಾತ್ರ ಗಾಬರಿಯಾಗಲಿಲ್ಲ. "ಮಾತು ಬೇಡ ಮೇಡಂ. ಬೆನ್ನು ಒರಗಿಸಿ, ಎರಡೂ ಕಾಲು ನೆಲಕ್ಕೆ ಊರಿ ಐದು ನಿಮಿಷ ಸುಮ್ನೆ ಕೂತ್ಕೊಳ್ಳಿ," ಅಂದರು. ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲೆ ಇಡಿಸಿ ಮತ್ತೆ ನೋಡಿದಾಗ 132/84. ಒಂದೇ ಸಲ ನೋಡಿ ಬಿಪಿ ಇದೆ, ಇಲ್ಲ ಅಂತ ಹೇಳುವುದಕ್ಕೆ ಆಗಲ್ಲವಂತೆ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಮೇಲೇ ಇದ್ದರೆ ಆಗ ಮುಂದಿನ ಮಾತು.

ಅಷ್ಟರಲ್ಲಿ ಎಲೆ ಅಡಿಕೆ ಹಾಕಿ ತುಟಿ ಕೆಂಪಾಗಿದ್ದ ಯಜಮಾನರೊಬ್ಬರ ಬಾಯಿಗೆ ಟಾರ್ಚ್ ಬಿಟ್ಟು ನೋಡುತ್ತಿದ್ದರು. ಬಾಯಿ ಎಷ್ಟು ತೆರೆಯುತ್ತದೆ ಅಂತ ತಿಳಿಯಲು, ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹೋಗುತ್ತಾ ನೋಡಿ ಅಂದರು. ಎರಡೇ ಹೋದವು. "ವಯಸ್ಸಾಯ್ತಲ್ಲವ್ವ," ಅಂತ ನಕ್ಕರು ಅವರು. ಸಿಸ್ಟರ್ ನಗಲಿಲ್ಲ, ದಂತ ವೈದ್ಯರ ರೂಮಿಗೆ ತಾವೇ ಕರೆದುಕೊಂಡು ಹೋದರು.

ಆ ದಿನದ ಕಷ್ಟದ ಜಾಗ ಪರದೆ ಕಟ್ಟಿದ ಆ ಕಡೆಯ ರೂಮು. ಗರ್ಭಕೋಶದ ಬಾಯಿಯ ಪರೀಕ್ಷೆ ಅಂತ ತಿಳಿದ ಕೂಡಲೇ ಬೆಂಚು ಸಡಿಲವಾಗತೊಡಗಿತು. ಒಬ್ಬರಿಗೆ ಬಸ್ಸಿನ ನೆನಪಾಯಿತು. ಇನ್ನೊಬ್ಬರು "ನಮ್ಮೆಜಮಾನ್ರನ್ನ ಒಂದ್ಮಾತು ಕೇಳ್ಬೇಕು" ಅಂತ ಎದ್ದರು. ಬಿಳಿ ಮುಟ್ಟು ಹೋಗುತ್ತದೆ ಅಂತ ಬಂದಿದ್ದ ಹೆಂಗಸು ನನ್ನ ಕೈ ಹಿಡಿದುಕೊಂಡು, "ಟೀಚರ್, ನೀವ್ ಮೊದ್ಲು ಹೋಗಿ. ನೋವಾಗುತ್ತಾ ಹೇಳಿ, ಆಮೇಲೆ ನಾನು," ಅಂದಳು.

ಹೋದೆ. ಮುಜುಗರ ಆಗುವುದಿಲ್ಲ ಅಂದರೆ ಸುಳ್ಳು. ಎರಡು ಹೆರಿಗೆ ಆದವಳಿಗೂ ಆಗುತ್ತದೆ. ಕೋಣೆಯಲ್ಲಿ ವಿನಿಗರ್ ವಾಸನೆ. ಅಡುಗೆಮನೆಯ ವಿನಿಗರಿನಲ್ಲಿರುವ ಅಸಿಟಿಕ್ ಆಮ್ಲವೇ, 3ರಿಂದ 5 ಶೇಕಡಾ ಇರುವಂತೆ ತೆಳು ಮಾಡಿ ಹತ್ತಿಯಲ್ಲಿ ಹಚ್ಚುತ್ತಾರೆ. ಒಂದು ನಿಮಿಷ ಕಾಯುತ್ತಾರೆ. ಬೆಳ್ಳಗೆ ಕಲೆ ಎದ್ದರೆ ಮುಂದಿನ ಪರೀಕ್ಷೆ, ಇಲ್ಲದಿದ್ದರೆ ಐದು ವರ್ಷ ಬಿಟ್ಟು ಬನ್ನಿ ಅನ್ನುತ್ತಾರೆ. ಸ್ವಲ್ಪ ಉರಿ, ಸ್ವಲ್ಪ ಹಿಡಿದಂತೆ. ಅಷ್ಟೇ. ಈ ಕ್ಯಾನ್ಸರಿಗೆ ಮೂಲ ಎಚ್‌ಪಿವಿ ಅನ್ನುವ ವೈರಸ್. ಅದು ಒಳಗೆ ಸೇರಿ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷ ಹಿಡಿಯುತ್ತದೆ. ಅಷ್ಟು ನಿಧಾನವಾಗಿ ಬರುವ ಕಾಯಿಲೆಯನ್ನು ಮುಜುಗರದ ಹೆಸರಿನಲ್ಲಿ ಒಳಗೆ ಬಿಟ್ಟುಕೊಳ್ಳುತ್ತೇವಲ್ಲ ಅಂತ ನನಗೆ ನಿಜಕ್ಕೂ ಸಿಟ್ಟು ಬಂತು. ಹೊರಗೆ ಬಂದು, "ಹೆರಿಗೆ ನೋವಿನ ಮುಂದೆ ಏನೂ ಅಲ್ಲ, ಹೋಗು," ಅಂದೆ. ಅವಳು ಹೋದಳು. ಅವಳ ಹಿಂದೆ ಇಬ್ಬರು ಹೋದರು. ಬಸ್ಸಿನವರು ಬರಲಿಲ್ಲ.

ನನ್ನದು ಆ ರೂಮಿನಲ್ಲಿ ಸರಿಯಾಗಿತ್ತು, ರಕ್ತದಲ್ಲಿ ಪೂರ್ತಿ ಸರಿಯಿರಲಿಲ್ಲ. ಖಾಲಿ ಹೊಟ್ಟೆಯ ಸಕ್ಕರೆ 104, 100ಕ್ಕಿಂತ ಕಡಿಮೆ ಇರಬೇಕಿತ್ತು. ಹೊರಗಿನ ಲ್ಯಾಬಿನಲ್ಲಿ ಮಾಡಿಸಿದ ಎಚ್‌ಬಿಎ1ಸಿ ಅನ್ನುವ ಇನ್ನೊಂದು ಸಕ್ಕರೆ ಪರೀಕ್ಷೆಯಲ್ಲಿ 5.9. ಅದು 5.7ರಿಂದ 6.4ರೊಳಗೆ ಇದ್ದರೆ ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿದೆ ಅಂತ ಅರ್ಥ. ಈ ಪರೀಕ್ಷೆಗೆ ಸುಳ್ಳು ಹೇಳಲು ಆಗುವುದಿಲ್ಲ. ಹಿಂದಿನ ದಿನ ಅನ್ನ ಬಿಟ್ಟರೂ ಸರಿ, ಅದು ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನೇ ಹೇಳುತ್ತದೆ.

ಡಾಕ್ಟರಮ್ಮ ಮಾತ್ರೆ ಬರೆಯಲಿಲ್ಲ. ನಾನು ರಾತ್ರಿ ಮುದ್ದೆ ತಿನ್ನುತ್ತೇನೆ ಅಂತ ಹೆಮ್ಮೆಯಿಂದ ಹೇಳಿದೆ. "ಎಷ್ಟು ದೊಡ್ಡದು?" ಅಂದರು. ರಾಗಿಯಲ್ಲೂ ಪಿಷ್ಟ ಇದೆ, ಮುದ್ದೆ ಚಿಕ್ಕದು ಮಾಡಿ, ಸೊಪ್ಪು, ಕಾಳು ಜಾಸ್ತಿ ಹಾಕಿಕೊಳ್ಳಿ ಅಂದರು. ವಾರಕ್ಕೆ ಒಟ್ಟು 150 ನಿಮಿಷ ಬಿರುಸಾಗಿ ನಡೆಯಬೇಕು. "ಶಾಲೇಲಿ ನಿಂತೇ ಇರ್ತೀನಿ," ಅಂದೆ. ನಿಲ್ಲುವುದು ಲೆಕ್ಕಕ್ಕಿಲ್ಲವಂತೆ.

ನಿಜವಾದ ಜಗ್ಗಾಟ ಶುರುವಾಗಿದ್ದು ಮನೆಯಲ್ಲಿ. ಜಾಹೀರಾತುಗಳಲ್ಲಿ ಹೆಂಗಸು ತನ್ನ ಕಾಳಜಿ ಮಾಡಿಕೊಳ್ಳುವುದೆಂದರೆ ಮುಖಕ್ಕೆ ಏನೋ ಬಳಿದುಕೊಂಡು ಕಣ್ಣು ಮುಚ್ಚಿ ಮಲಗುವುದು. ನನ್ನ ಪಾಲಿಗೆ ಅದು ಸಂಜೆ ಐದೂವರೆ ಗಂಟೆ. ಅದೇ ಹೊತ್ತಿಗೆ ಮಗಳಿಗೆ ತಿಂಡಿ, ಮಾವನಿಗೆ ಕಾಫಿ, ಗಂಡನ ಸಣ್ಣಪುಟ್ಟ "ಇಲ್ಲಿ ಬಾ"ಗಳು. ಚಪ್ಪಲಿ ಬಿಟ್ಟು ಶೂ ಹಾಕಿದ ಮೊದಲ ವಾರ ಎಲ್ಲರಿಗೂ ಏನಾದರೊಂದು ಅರ್ಜೆಂಟು. ಈಗ ಕಾಫಿ ಗಂಡನದ್ದು. ಸಕ್ಕರೆ ಜಾಸ್ತಿ ಹಾಕುತ್ತಾರೆ ಅಂತ ಮಾವನ ದೂರು, ಹಾಗೇ ಕುಡಿಯುತ್ತಾರೆ. ನಾನು ಕಾಲೇಜು ಮೈದಾನದಲ್ಲಿ ಸುತ್ತು ಹಾಕುತ್ತಿರುತ್ತೇನೆ. ಮಳೆ ಬಂದ ದಿನ ವರಾಂಡದಲ್ಲೇ ನಡೆಯುತ್ತೇನೆ. ಮುಂದಿನ ಎಚ್‌ಬಿಎ1ಸಿ ಮೂರು ತಿಂಗಳಿಗೆ, ಅರ್ಧ ವಾರ್ಷಿಕ ಪರೀಕ್ಷೆಯ ಮೌಲ್ಯಮಾಪನ ಮುಗಿದ ಮಾರನೇ ದಿನ.