95 ಡಿಗ್ರಿಯ ಅಭ್ಯಾಸ

ಪ್ರೋಟೀನ್ ಲ್ಯಾಬ್‌ನಲ್ಲಿ ನಾಲ್ಕು ವರ್ಷ ಕಳೆದವರ ಕೈಗೆ ಒಂದು ಅಭ್ಯಾಸ ಅಂಟಿಕೊಂಡಿರುತ್ತದೆ. ಸ್ಯಾಂಪಲ್‌ಗೆ ಲೋಡಿಂಗ್ ಬಫರ್ ಹಾಕು, ಹೀಟ್ ಬ್ಲಾಕ್‌ನಲ್ಲಿ 95 ಡಿಗ್ರಿಗೆ ಐದು ನಿಮಿಷ ಇಡು, ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್‌ಗೆ ಹಾಕು. ತಲೆ ಬೇರೆಲ್ಲೋ ಇದ್ದರೂ ಕೈ ಮಾಡಿ ಮುಗಿಸಿರುತ್ತದೆ. ಈ ಐದು ನಿಮಿಷ ನನ್ನ ಎರಡು ವಾರ ತಿಂದು ಹಾಕಿತು.

ಆಗ ತಾನೇ ಯೀಸ್ಟ್‌ನ ಸಪ್35 ಪ್ರೋಟೀನ್ ಮೇಲೆ ಕೆಲಸ ಶುರು ಮಾಡಿದ್ದೆ. ರೈಬೋಸೋಮ್ ಪ್ರೋಟೀನ್ ಕಟ್ಟುತ್ತಾ ಹೋಗುವಾಗ ಸರಿಯಾದ ಕಡೆ ನಿಲ್ಲಿಸಲು ನೆರವಾಗುವುದು ಇದರ ಕೆಲಸ. ಕೆಲವು ಯೀಸ್ಟ್‌ಗಳಲ್ಲಿ ಇದು ಒಂದಕ್ಕೊಂದು ಅಂಟಿ ಅಮೈಲಾಯ್ಡ್ ಎಂಬ ಗಟ್ಟಿ ಎಳೆಯಾಗುತ್ತದೆ. ನಮ್ಮ ತಳಿಯಲ್ಲಿ ಅದು ಪ್ಲೇಟ್ ಮೇಲೇ ಗೊತ್ತಾಗುತ್ತಿತ್ತು: ಎಳೆ ಇದ್ದರೆ ಕಾಲೊನಿ ಬಿಳಿ, ಇಲ್ಲದಿದ್ದರೆ ಕೆಂಪು.

ಈ ಎಳೆಗಳನ್ನು ಮಾಮೂಲಿ ಅಕ್ರಿಲಮೈಡ್ ಜೆಲ್‌ನಲ್ಲಿ ನೋಡಲಾಗುವುದಿಲ್ಲ. ಜೆಲ್‌ನ ರಂಧ್ರ ಚಿಕ್ಕದು, ಎಳೆ ದೊಡ್ಡದು, ಸ್ಯಾಂಪಲ್ ಹಾಕುವ ಗುಂಡಿಯಲ್ಲೇ ಕೂತುಬಿಡುತ್ತದೆ. ಅದಕ್ಕೇ 2003ರಲ್ಲಿ ಮಾಸ್ಕೋದ ತಂಡವೊಂದು ಇದೇ ಸಪ್35ಗಾಗಿ ರಂಧ್ರ ದೊಡ್ಡದಿರುವ ಅಗರೋಸ್ ಜೆಲ್ ಬಳಸಿತು. ಅದನ್ನು ಎಸ್‌ಡಿಡಿ-ಏಜ್ ಅಂತಾರೆ. ಉಪಾಯ ಸರಳ. ಬಿಸಿ ಮಾಡದೆ, ರೂಮ್‌ನ ತಾಪದಲ್ಲೇ ಎಸ್‌ಡಿಎಸ್ ಎಂಬ ಡಿಟರ್ಜೆಂಟ್ ಹಾಕಿದರೆ ಸಡಿಲವಾದ ಗಂಟುಗಳೆಲ್ಲ ಬಿಚ್ಚಿಕೊಳ್ಳುತ್ತವೆ, ಅಮೈಲಾಯ್ಡ್ ಮಾತ್ರ ಜಗ್ಗುವುದಿಲ್ಲ. ಆದರೆ ಕುದಿಸಿದರೆ ಅದೂ ಕರಗಿ ಬಿಡಿಬಿಡಿಯಾಗುತ್ತದೆ.

ನಾನು ಜೆಲ್ ಅಚ್ಚುಕಟ್ಟಾಗಿ ಮಾಡಿದೆ. 1.5 ಶೇಕಡಾ ಅಗರೋಸ್ ಮೊದಲು ಕರಗಿಸಿ, ಎಸ್‌ಡಿಎಸ್ ಆಮೇಲೆ ಹಾಕಿದೆ. ಮೊದಲೇ ಹಾಕಿದರೆ ಮೈಕ್ರೋವೇವ್ ತುಂಬ ನೊರೆ. ಸ್ಯಾಂಪಲ್ ಮಾತ್ರ ಅಭ್ಯಾಸಬಲದಿಂದ ಕುದಿಸಿದ್ದೆ. ಪ್ರೊಟೋಕಾಲ್‌ನಲ್ಲಿ ‘ಕುದಿಸಬೇಡಿ’ ಅಂತ ಬರೆದಿತ್ತು. ಓದಿದ್ದೆ ಕೂಡ.

ಆಮೇಲೆ ಬ್ಲಾಟ್, ಅಂದರೆ ಜೆಲ್‌ನ ಪ್ರೋಟೀನನ್ನು ಮೆಂಬ್ರೇನ್‌ಗೆ ಸಾಗಿಸಿ ಆಂಟಿಬಾಡಿಯಿಂದ ಸಪ್35 ಹುಡುಕುವುದು. ಅದರಲ್ಲಿ ಎಲ್ಲ ಲೇನ್‌ಗಳಲ್ಲೂ ಕೆಳಗೆ, ಬಿಡಿ ಪ್ರೋಟೀನ್ ಇಳಿಯುವ ಕಡೆ, ಒಂದೊಂದು ಚಂದದ ಬ್ಯಾಂಡ್. ಮೇಲೆ ಎಳೆಗಳ ಸ್ಮಿಯರ್, ಅಂದರೆ ಉದ್ದಕ್ಕೆ ಹರಡಿದ ಕಲೆ, ಇರಲೇ ಇಲ್ಲ. ನಾನು ಮೊದಲು ಆಂಟಿಬಾಡಿಯನ್ನು ಬೈದೆ. ಆಮೇಲೆ ಟ್ರಾನ್ಸ್‌ಫರ್ ಅನ್ನು. ಅದು ಕರೆಂಟ್ ಇಲ್ಲದ ಟ್ರಾನ್ಸ್‌ಫರ್: ಜೆಲ್, ಮೆಂಬ್ರೇನ್, ಅದರ ಮೇಲೆ ಪೇಪರ್ ಟವೆಲ್ ಕಟ್ಟು, ಎಲ್ಲಕ್ಕಿಂತ ಮೇಲೆ ಒಂದು ಭಾರ, ರಾತ್ರಿಯಿಡೀ. ದೊಡ್ಡ ಎಳೆಗಳು ಮೇಲೆ ಬರುತ್ತಿಲ್ಲ ಅಂದುಕೊಂಡು ಭಾರಕ್ಕೆ ಒಂದು ಬಫರ್ ಬಾಟಲಿ ಇಟ್ಟಿದ್ದ ಕಡೆ ಎರಡು ಇಟ್ಟೆ. ಜೆಲ್ ಚಪ್ಪಟೆಯಾಯಿತು ಅಷ್ಟೇ.

ನಮ್ಮಲ್ಲಿ ಒಬ್ಬ ಹಿರಿಯ ಟೆಕ್ನಿಶಿಯನ್ ಇದ್ದರು. ಒಂದು ಮಧ್ಯಾಹ್ನ ನನ್ನ ಬ್ಲಾಟ್ ಮತ್ತು ಪ್ಲೇಟ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

“ಇದು ಬಿಳಿ, ಇದು ಕೆಂಪು. ಜೆಲ್‌ನಲ್ಲಿ ಎರಡೂ ಒಂದೇ ಥರ ಬಂದಿದೆಯಲ್ಲಮ್ಮ. ಕುದಿಸಿದ್ಯಾ?”

ಉತ್ತರ ಕೊಡದೆ ಹೀಟ್ ಬ್ಲಾಕ್ ಕಡೆ ನೋಡಿದೆ. ಎರಡು ವಾರದಿಂದ ಕಣ್ಣೆದುರಿಗೇ ಇದ್ದ ಪ್ಲೇಟನ್ನು ನಾನು ಜೆಲ್ ಜೊತೆ ಹೋಲಿಸಿಯೇ ಇರಲಿಲ್ಲ. ನಿಜ ಹೇಳಬೇಕೆಂದರೆ ಕುದಿಸಿದ್ದಕ್ಕಿಂತ ಇದೇ ಜಾಸ್ತಿ ನಾಚಿಕೆ.

ಮರುದಿನ ಕುದಿಸದೆ ಹಾಕಿದೆ. ಬಿಳಿ ಯೀಸ್ಟ್‌ನ ಲೇನ್‌ನಲ್ಲಿ ಮೇಲಿನರ್ಧ ಪೂರ್ತಿ ಹೊಗೆಯ ಹಾಗೆ ಸ್ಮಿಯರ್. ಖುಷಿಗೆ ಮುಂದಿನ ಸಲ ಡಿಎನ್‌ಎ ಜೆಲ್ ಓಡಿಸುವ ಹಾಗೆ 120 ವೋಲ್ಟ್ ಕೊಟ್ಟೆ, ಬೇಗ ಮನೆಗೆ ಹೋಗೋಣ ಅಂತ. ಜೆಲ್ ಮುಟ್ಟಿದರೆ ಬೆಚ್ಚಗಿತ್ತು. ಸ್ಮಿಯರ್ ಮಂಕಾಗಿ, ಕೆಳಗಿನ ಬ್ಯಾಂಡ್ ದಪ್ಪಗಾಗಿತ್ತು. ಮತ್ತೆ ಅದೇ ಶಾಖ, ಬಾಗಿಲು ಮಾತ್ರ ಬೇರೆ. ಈಗ ಸೆಂಟಿಮೀಟರ್‌ಗೆ 3 ವೋಲ್ಟ್ ದಾಟುವುದಿಲ್ಲ. 15 ಸೆಂಟಿಮೀಟರ್ ಜೆಲ್‌ಗೆ 45 ವೋಲ್ಟ್. ತಣ್ಣಗಿನ ರೂಮ್‌ನಲ್ಲಿ ಓಡಲು ಬಿಟ್ಟು ಬೇರೆ ಕೆಲಸ ನೋಡುತ್ತೇನೆ.

ಇವತ್ತಿಗೂ ಪ್ರತಿ ಸ್ಯಾಂಪಲ್ ಎರಡು ಭಾಗ ಮಾಡುತ್ತೇನೆ, ಒಂದನ್ನು ಬೇಕೆಂದೇ ಕುದಿಸುತ್ತೇನೆ. ಅದರಲ್ಲಿ ಸ್ಮಿಯರ್ ಮಾಯವಾಗಿ ಬ್ಯಾಂಡ್ ಕಂಡರೆ, ಪಕ್ಕದ ಲೇನ್‌ನ ಸ್ಮಿಯರ್ ಸುಮ್ನೆ ಕೊಳೆಯಲ್ಲ, ಸಪ್35ನದೇ ಅಂತ ಧೈರ್ಯ. ಲ್ಯಾಬ್‌ನಲ್ಲಿ ಆ ಕುದಿಸಿದ ಲೇನ್‌ಗೆ ನನ್ನ ಹೆಸರೇ ಇಟ್ಟಿದ್ದಾರೆ.