ನನ್ನ ಪಾಲಿನ ದುರ್ಗ

ನನ್ನ ಬ್ಲಾಕಿನ ನಕ್ಷೆ ಬರೆಯೋಕೆ ಐದು ಹಾಳೆ ಹಾಳಾದವು. 2010ರ ಬೇಸಿಗೆ ಅದು. ಜನಗಣತಿಯ ಮೊದಲ ಸುತ್ತು, ಮನೆಪಟ್ಟಿ ಮಾಡುವ ಕೆಲಸ. ತರಬೇತಿಯಲ್ಲಿ ಹೇಳಿಕೊಟ್ಟಾಗ ಎಲ್ಲ ಸಲೀಸಾಗಿ ಕಂಡಿತ್ತು. ವಾಯವ್ಯ ಮೂಲೆಯಿಂದ ಶುರು ಮಾಡಬೇಕು, ಹಾವು ಹರಿದ ಹಾಗೆ ಬೀದಿ ಬೀದಿ ಸುತ್ತಿ ಆಗ್ನೇಯದಲ್ಲಿ ಮುಗಿಸಬೇಕು. ಪಕ್ಕಾ ಮನೆಗೆ ಚೌಕ, ಕಚ್ಚಾ ಮನೆಗೆ ತ್ರಿಕೋನ. ಅಷ್ಟೇ ಅಲ್ವಾ ಅಂತ ಪೆನ್ಸಿಲ್ ಹಿಡಿದು ಹೊರಟೆ.

ಚಿತ್ರದುರ್ಗದ ಹಳೇ ಊರಿಗೆ ವಾಯವ್ಯ ಮೂಲೆ ಅನ್ನೋದೇ ಇಲ್ಲ. ಬೀದಿ ನೆಟ್ಟಗೆ ಹೋಗ್ತಾ ಇರುತ್ತೆ, ಇದ್ದಕ್ಕಿದ್ದ ಹಾಗೆ ಎದುರಿಗೆ ಬಂಡೆ. ಅದನ್ನು ಬಳಸಿಕೊಂಡು ಎಡಕ್ಕೆ ತಿರುಗುತ್ತೆ, ಎರಡು ಮೆಟ್ಟಿಲು ಹತ್ತುತ್ತೆ, ಯಾರದೋ ಮನೆಯ ಜಗಲಿ ಮುಂದೆ ಕೊನೆಯಾಗುತ್ತೆ. ಒಂದು ಓಣಿಯಲ್ಲಂತೂ ನಡುಮಧ್ಯೆ ಆನೆಗಾತ್ರದ ಗುಂಡು. ಆಚೆ ಮೂರು ಮನೆ, ಈಚೆ ನಾಲ್ಕು. ಗುಂಡಿನ ಮೇಲೆ ಹಪ್ಪಳ ಒಣಗಿಸಿದ್ದರು. ನಕ್ಷೆಯಲ್ಲಿ ಗುಂಡಿಗೆ ಏನು ಗುರುತು ಹಾಕಲಿ ಅಂತ ಮೇಲ್ವಿಚಾರಕರನ್ನು ಕೇಳಿದೆ. ಅವರು ದುರ್ಗದವರೇ. "ಗುಂಡು ಬಿಡಿ ಮೇಷ್ಟ್ರೇ, ಗುಂಡು ಬರೆಯೋಕೆ ಹೋದ್ರೆ ಮನೆಗೆ ಜಾಗ ಉಳಿಯಲ್ಲ" ಅಂದರು.

ನಾನು ತೀರ್ಥಹಳ್ಳಿ ಕಡೆಯವನು. ಕೆಲಸ ಸಿಕ್ಕಿದ್ದು ಇಲ್ಲಿ. ನಮ್ಮೂರಿನಲ್ಲಿ ಆಷಾಢದ ಒಂದೇ ತಿಂಗಳಲ್ಲಿ ಸುರಿಯುವ ಮಳೆ ಇಲ್ಲಿ ವರ್ಷವಿಡೀ ಕಾದರೂ ಬರೋದಿಲ್ಲ. 600 ಮಿಲಿಮೀಟರ್ ಮುಟ್ಟಿದರೆ ಆ ವರ್ಷ ಜನ ಮಳೆ ಚೆನ್ನಾಗಾಯ್ತು ಅಂತಾರೆ. ಸಮುದ್ರ ಮಟ್ಟದಿಂದ 700 ಮೀಟರಿಗಿಂತ ಮೇಲಿರುವ ಬಯಲು, ಒಂದು ಮಗ್ಗುಲಿಗೆ ಕಲ್ಲುಬೆಟ್ಟ, ಬೆಟ್ಟದ ಬುಡಕ್ಕೆ ಒತ್ತಿಕೊಂಡ ಊರು. ಬೆಂಗಳೂರಿಗೆ 200 ಕಿಲೋಮೀಟರ್. ಹೊಲದಲ್ಲಿ ಶೇಂಗಾ, ಈರುಳ್ಳಿ, ಮೆಕ್ಕೆಜೋಳ. ಊರ ಪಕ್ಕ ಹೊಳೆ ಇಲ್ಲ. ಮೊದಲ ವರ್ಷ ನನಗೆ ಅದೇ ದೊಡ್ಡ ಒಗಟಾಗಿತ್ತು. ಹೊಳೆ ಇಲ್ಲದ ಕಡೆ ಇಷ್ಟು ದೊಡ್ಡ ಊರು ಯಾಕೆ ಕಟ್ಟಿದರು?

ಉತ್ತರ ಬೆಟ್ಟದ ಮೇಲಿದೆ. ಕೋಟೆಗೆ ಬರುವವರು ಸಾಮಾನ್ಯವಾಗಿ ಓಬವ್ವನ ಕಿಂಡಿಯಲ್ಲಿ ನುಸುಳಿ, ಫೋಟೊ ತೆಗೆಸಿಕೊಂಡು ಇಳೀತಾರೆ. ಓಬವ್ವನ ಕಥೆ ನಿಮಗೆ ಗೊತ್ತೇ ಇದೆ, ನಾನು ಹೇಳೋದಿಲ್ಲ. ಆದರೆ ಅವಳು ಆವತ್ತು ಕೊಡ ಹಿಡಿದು ಹೋಗಿದ್ದು ನೀರಿಗೆ, ಅದನ್ನು ಮಾತ್ರ ನೆನಪಿಡಿ. ಮೇಲೆ ಗೋಪಾಲಸ್ವಾಮಿ ಹೊಂಡ ಇದೆ. ಅದು ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತೆ. ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆ ಹೊಂಡ. ಬಂಡೆ ಮೇಲೆ ಬಿದ್ದ ಮಳೆಯನ್ನು ಹೀಗೆ ಒಂದೊಂದೇ ಹೊಂಡಕ್ಕೆ ದಾಟಿಸಿ, ತುಂಬಿಸಿ ಇಟ್ಟುಕೊಂಡಿದ್ದಾರೆ. ಏಳು ಸುತ್ತಿನ ಗೋಡೆಯನ್ನು ಎಲ್ಲರೂ ಹೊಗಳ್ತಾರೆ. ಮಲೆನಾಡಿನವನಾದ ನನಗೆ ಗೋಡೆಗಿಂತ ಆ ಹೊಂಡಗಳೇ ಜಾಸ್ತಿ ಅನ್ನಿಸಿದವು. ಬೆಟ್ಟದ ಹಿಂಬದಿಯ ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನ ಶಾಸನವೊಂದಿದೆ. ಅದರಲ್ಲಿ ಬರೆಸಿರೋದೂ ಕೆರೆಯ ವಿಷಯವೇ. ಅದೇ ಚಂದ್ರವಳ್ಳಿಯ ಮಣ್ಣಿನಲ್ಲಿ ರೋಮ್‌ನ ಅಗಸ್ಟಸ್, ಟೈಬೀರಿಯಸ್ ದೊರೆಗಳ ಬೆಳ್ಳಿ ನಾಣ್ಯ ಸಿಕ್ಕಿವೆ. ಅಂದರೆ ಎರಡು ಸಾವಿರ ವರ್ಷದ ಹಿಂದೆಯೇ ಯಾವುದೋ ವ್ಯಾಪಾರಿ ಇಲ್ಲಿ ನೀರು ಕುಡಿದು, ದುಡ್ಡು ಕೊಟ್ಟು ಹೋಗಿದ್ದಾನೆ.

ಇಷ್ಟೆಲ್ಲ ಪೀಠಿಕೆ ಯಾಕಂದ್ರೆ, ಗಣತಿಯ ಎರಡನೇ ಸುತ್ತಿನಲ್ಲಿ ನನಗೆ ಮತ್ತೆ ಅದೇ ಬ್ಲಾಕು ಬಂತು. 2011ರ ಫೆಬ್ರವರಿ 9ರಿಂದ 28ರವರೆಗೆ. ಈ ಸಲ ಮನೆಯನ್ನಲ್ಲ, ಮನುಷ್ಯರನ್ನು ಎಣಿಸೋದು. ಒಬ್ಬೊಬ್ಬರಿಗೆ 29 ಪ್ರಶ್ನೆ. ಬೆಳಿಗ್ಗೆ ಶಾಲೆ, ಸಂಜೆ ಗಣತಿ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಗಣತಿಯಲ್ಲಿ ಬರೆದುಕೊಂಡಿದ್ದನ್ನು ಹೊರಗೆ ಬಿಟ್ಟುಕೊಡುವ ಹಾಗಿಲ್ಲ, 1948ರ ಕಾಯ್ದೆ ಇದೆ. ಹಾಗಾಗಿ ಹೆಸರು, ಮನೆ, ಬೀದಿ ಯಾವುದೂ ಇಲ್ಲಿ ಸಿಗೋದಿಲ್ಲ. ಜಗಲಿಗಳನ್ನೂ ಸ್ವಲ್ಪ ಆಚೀಚೆ ಮಾಡಿದ್ದೀನಿ.

ಹೆಸರು, ಸಂಬಂಧ, ಲಿಂಗ ಇವೆಲ್ಲ ಸಲೀಸು. ತಕರಾರು ಶುರುವಾಗೋದು ವಯಸ್ಸಿನಲ್ಲಿ. ಹಳೇ ಊರಿನ ಹಿರಿಯರಿಗೆ ತಾರೀಖು ಗೊತ್ತಿರಲಿಲ್ಲ. ಯಾವುದಾದರೂ ದೊಡ್ಡ ಘಟನೆ ಹಿಡಿದು ಲೆಕ್ಕ ಹಾಕಿ ಅಂತ ತರಬೇತಿಯಲ್ಲಿ ಹೇಳಿದ್ದರು. ಸ್ವಾತಂತ್ರ್ಯ ಬಂದಾಗ ಎಷ್ಟು ದೊಡ್ಡೋರಿದ್ರಿ, ಗಾಂಧಿ ಸತ್ತಾಗ ಮದುವೆ ಆಗಿತ್ತಾ, ಹೀಗೆ. ಒಬ್ಬ ಅಜ್ಜಿ ಮಾತ್ರ ಇದಕ್ಕೆಲ್ಲ ಸೊಪ್ಪು ಹಾಕಲಿಲ್ಲ. ಜಗಲಿಯಲ್ಲಿ ಕೂತು ಮೊರದಲ್ಲಿ ಶೇಂಗಾ ಕೇರ್ತಾ ಇದ್ದರು. ತಲೆ ಎತ್ತದೇ ಹೇಳಿದರು, "ಸ್ವತಂತ್ರ ಯಾವಾಗ ಬಂತೋ ನಂಗೇನ್ ಗೊತ್ತಪ್ಪ. ಮಾರಿಕಣಿವೆ ಕೋಡಿ ಬಿದ್ದಾಗ ನಮ್ಮವ್ವನ ಸೊಂಟದ ಮ್ಯಾಲಿದ್ನಂತೆ. ಬರ್ಕಳಪ್ಪ."

ಬರೆದುಕೊಳ್ಳೋದು ಹೇಗೆ? ಕೋಡಿ ಯಾವಾಗ ಬಿತ್ತು ಅಂತ ನನಗೆ ಗೊತ್ತಿರಲಿಲ್ಲ. ಅಜ್ಜಿಯ ಮೊಮ್ಮಗ ಒಳಗಿನಿಂದ ಕೂಗಿದ, "1933 ಸಾರ್. ಅಜ್ಜಿ ದಿನಾ ಹೇಳ್ತಾರೆ, ಅದಕ್ಕೆ ಲೈಬ್ರರೀಲಿ ನೋಡ್ಕೊಂಡ್ ಬಂದೆ."

ಮಾರಿಕಣಿವೆ ಅಂದರೆ ಹಿರಿಯೂರಿನ ಹತ್ತಿರ ವೇದಾವತಿ ಹೊಳೆಗೆ ಕಟ್ಟಿದ ವಾಣಿವಿಲಾಸ ಸಾಗರ. 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ಅಣೆಕಟ್ಟು. ಎರಡು ಗುಡ್ಡ ಹತ್ತಿರ ಬಂದ ಇಕ್ಕಟ್ಟಿನಲ್ಲಿ ಒಂದೇ ಕಟ್ಟೆ. 30 ಟಿಎಂಸಿ ನೀರು ಹಿಡಿಯುತ್ತೆ, ಆದರೆ ಹಿಡಿಯೋಕೆ ನೀರು ಬರಬೇಕಲ್ಲ. 130 ಅಡಿ ತುಂಬಿ ಕೋಡಿ ಹರಿದದ್ದು 1933ರಲ್ಲಿ. ನಾನು ಅಜ್ಜಿಯ ಮುಂದೆ ಕೂತಿದ್ದ ಆ ಸಂಜೆಯವರೆಗೆ ಮತ್ತೆ ಹರಿದಿರಲಿಲ್ಲ. ಬೆರಳು ಮಡಚಿ ಲೆಕ್ಕ ಹಾಕಿ 78 ಅಂತ ಬರೆದೆ.

ಮಾತೃಭಾಷೆ ಕೇಳಿದೆ. ಅಜ್ಜಿ ನನ್ನ ಜೊತೆ ಕನ್ನಡ, ಸೊಸೆಯ ಜೊತೆ ತೆಲುಗು, ಹಾಲಿನವನ ಜೊತೆ ಎರಡೂ ಬೆರೆಸಿ ಮಾತಾಡ್ತಾ ಇದ್ದರು. ಜಿಲ್ಲೆಯ ಗಡಿ ದಾಟಿದರೆ ಆಂಧ್ರದ ಅನಂತಪುರ, ಆ ಕಡೆಯಿಂದ ಬಂದವರು ಬ್ಲಾಕಿನಲ್ಲಿ ಬೇಕಾದಷ್ಟಿದ್ದರು. ಮೂರು ಮನೆ ಆಚೆ ಉರ್ದು, ಹಿಂದಿನ ಓಣಿಯಲ್ಲಿ ಲಂಬಾಣಿ. "ಯಾವ್ದಾರ ಒಂದ್ ಹಾಕಪ್ಪ, ಎರಡೂ ನಂದೇ" ಅಂದರು ಅಜ್ಜಿ. ಫಾರಮಿನಲ್ಲಿ ಮಾತೃಭಾಷೆಗೆ ಒಂದೇ ಜಾಗ. ನಾನು ಏನು ಬರೆದೆ ಅಂತ ಹೇಳೋದಿಲ್ಲ, ಕಾಯ್ದೆ ಇದೆಯಲ್ಲ.

ಆಮೇಲೆ ಹುಟ್ಟಿದ ಊರು, ಹಿಂದಿನ ವಾಸಸ್ಥಳ, ಬಂದ ಕಾರಣ. ಕೆಲಸ, ವ್ಯಾಪಾರ, ಓದು, ಮದುವೆ ಹೀಗೆ ಒಂದೊಂದಕ್ಕೂ ಒಂದು ಸಂಖ್ಯೆ. ಹೆಂಗಸರದ್ದು ಹೆಚ್ಚಿನಂಶ ಮದುವೆಯೇ. ಕೋಟೆ ಗೋಡೆಗೆ ಬೆನ್ನು ಕೊಟ್ಟು ಕೂತು ಈ ಕಾಲಮ್ಮು ತುಂಬುವಾಗ ಒಂದು ಯೋಚನೆ ಬಂತು. 1779ರಲ್ಲಿ ಹೈದರಾಲಿ ದುರ್ಗ ಗೆದ್ದುಕೊಂಡ. ಮದಕರಿ ನಾಯಕ ಸೆರೆಯಾದ. ಸಾವಿರಾರು ಬೇಡರನ್ನು ಇಲ್ಲಿಂದ ಎಬ್ಬಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಹುಡುಗರನ್ನು ಆರಿಸಿ ಚೇಲಾ ಅನ್ನೋ ಹೆಸರಿನ ಪಡೆ ಕಟ್ಟಿದರು. ಆ ವರ್ಷ ಯಾರಾದರೂ ಗಣತಿ ಮಾಡಿದ್ದರೆ ಈ ಓಣಿಗಳಲ್ಲಿ ಎಷ್ಟು ಬಾಗಿಲು ಹಾಕಿರುತ್ತಿದ್ದವೋ. ಬಂದ ಕಾರಣ ಅನ್ನೋದಕ್ಕೆ ಶ್ರೀರಂಗಪಟ್ಟಣದಲ್ಲಿ ಆ ಹುಡುಗರು ಯಾವ ಸಂಖ್ಯೆ ಹೇಳಬೇಕಿತ್ತು? ಇತರೆ ಅಂತ ಒಂದು ಇದೆ. ಬಹುಶಃ ಅದೇ.

ಫೆಬ್ರವರಿ 28ರ ರಾತ್ರಿ ಮನೆ ಇಲ್ಲದವರನ್ನು ಎಣಿಸಬೇಕಿತ್ತು. ಬಹುತೇಕ ಇಡೀ ದೇಶದಲ್ಲಿ ಅದೊಂದೇ ರಾತ್ರಿ. ನಾವು ಮೂವರು ಮೇಷ್ಟ್ರು, ಒಂದು ಟಾರ್ಚು. ಬಸ್ ಸ್ಟ್ಯಾಂಡಿನಿಂದ ಹೊರಟು, ಗಾಂಧಿ ಸರ್ಕಲ್ ದಾಟಿ, ದೊಡ್ಡಪೇಟೆ, ಆನೆಬಾಗಿಲು ಅಂತ ನಡೆದೆವು. ಆನೆ ಇಲ್ಲ, ಬಾಗಿಲೂ ಇಲ್ಲ. ಹೆಸರು ಮಾತ್ರ ಉಳಿದಿದೆ. ಹಗಲು ಹಾರ್ನ್ ಕಿರುಚುವ ಬೀದಿಯಲ್ಲಿ ಆಗ ನಮ್ಮ ಚಪ್ಪಲಿ ಸದ್ದು ಬಿಟ್ಟರೆ ನಾಯಿಗಳದ್ದೇ ಸದ್ದು. ಹಗಲಲ್ಲಿ ಕಾದ ಬಂಡೆಗಳು ಇನ್ನೂ ಬೆಚ್ಚಗಿದ್ದವು. ಒಂದು ಬಂಡೆಗೆ ಒರಗಿ ಬೀಡಿ ಮಾರುವ ಮುದುಕನೊಬ್ಬ ಕೂತೇ ನಿದ್ದೆ ಮಾಡ್ತಾ ಇದ್ದ. ಎಬ್ಬಿಸೋಕೆ ಸಂಕೋಚ. ಎಬ್ಬಿಸದಿದ್ದರೆ ದೇಶದ ಲೆಕ್ಕದಲ್ಲಿ ಒಂದು ಕಮ್ಮಿ.

ಒಂದು ಗುಡಿಯ ಜಗಲಿಯಲ್ಲಿ ಮಲಗಿದ್ದ ಆಳು ಟಾರ್ಚಿನ ಬೆಳಕಿಗೆ ದಡಬಡಿಸಿ ಎದ್ದ. ಪೊಲೀಸರು ಅಂದುಕೊಂಡಿದ್ದ. ವಿಷಯ ಹೇಳಿದ ಮೇಲೆ, "ನನ್ನ ಬರೀಬೇಡ್ರಿ, ನಾನು ಈ ಊರೋನಲ್ಲ" ಅಂದ. ಈರುಳ್ಳಿ ಕೀಳೋಕೆ, ಮೂಟೆ ಹೊರೋಕೆ ಊರಿಂದೂರಿಗೆ ಹೋಗುವವನು. ಎಲ್ಲೂ ಮನೆ ಅಂತ ಇಲ್ಲ. ಬೇರೆ ಎಲ್ಲಾದರೂ ಬರೆದುಕೊಂಡಿದ್ದಾರಾ ಅಂತ ಕೇಳಿದೆವು. ಇಲ್ಲ. ಹಾಗಾದರೆ ಇವತ್ತು ರಾತ್ರಿ ಎಲ್ಲಿ ಮಲಗಿದ್ದೀಯೋ ಅದೇ ನಿನ್ನೂರು, ನಿಯಮ ಹಾಗಿದೆ ಅಂದೆ. ಅವನು ಕೋಟೆಯ ಕಡೆ ಒಮ್ಮೆ ತಿರುಗಿ ನೋಡಿದ. "ಹಂಗಾರೆ ನಾನೂ ದುರ್ಗದೋನೇ ಅನ್ರಿ" ಅಂತ ನಕ್ಕು, ಮತ್ತೆ ಟವೆಲ್ ಹೊದ್ದುಕೊಂಡ.

ಮಧ್ಯರಾತ್ರಿ 12ಕ್ಕೆ ಲೆಕ್ಕ ನಿಲ್ಲುತ್ತೆ. ಮಾರ್ಚ್ 1ರ ಸೊನ್ನೆ ಗಂಟೆಗೆ ಇದ್ದವರು ಒಳಗೆ, ಆಮೇಲೆ ಹುಟ್ಟಿದವರು ಹೊರಗೆ. ಮಾರ್ಚ್ 1ರಿಂದ 5ರವರೆಗೆ ಮತ್ತೊಮ್ಮೆ ಮನೆ ಮನೆಗೆ ಹೋಗಿ ಸರಿಪಡಿಸಬೇಕು. ಒಂದು ಮನೆಯಲ್ಲಿ 2ನೇ ತಾರೀಖು ಮಗು ಹುಟ್ಟಿತ್ತು. ಅಪ್ಪ ಪೇಡಾ ಕೈಗೆ ಕೊಟ್ಟು, "ಸೇರಿಸ್ಕೊಳ್ಳಿ ಸಾರ್, ಒಂದಿನಕ್ಕೇನು" ಅಂದ. ಪೇಡಾ ತಿಂದೆ, ಮಗುವನ್ನು ಸೇರಿಸಲಿಲ್ಲ. ಈಗಲೂ ಆ ಓಣಿಯಲ್ಲಿ ನಡೆದರೆ ಸ್ವಲ್ಪ ನಾಚಿಕೆ ಆಗುತ್ತೆ.

ಆಮೇಲೆ ಲೆಕ್ಕ ಹೊರಗೆ ಬಂತು. ದೇಶ 121 ಕೋಟಿ. ಕರ್ನಾಟಕ 6 ಕೋಟಿ 11 ಲಕ್ಷದ ಹತ್ತಿರ. ಚಿತ್ರದುರ್ಗ ನಗರ 1 ಲಕ್ಷ 45 ಸಾವಿರ ಚಿಲ್ಲರೆ. 2001ರಲ್ಲಿ 1 ಲಕ್ಷ 22 ಸಾವಿರ ಚಿಲ್ಲರೆ ಇತ್ತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಇದನ್ನು ದಾವಣಗೆರೆಗೆ ಹೋಲಿಸೋಕೆ ಶುರು ಮಾಡಿದರು. ದುರ್ಗದವರಿಗೆ ಇದೊಂದು ಹುಣ್ಣು. 1997ರ ಆಗಸ್ಟ್ 15ರವರೆಗೆ ದಾವಣಗೆರೆ ಇದೇ ಜಿಲ್ಲೆಯ ಒಂದು ತಾಲ್ಲೂಕು. ಜಿಲ್ಲೆ ಒಡೆದಾಗ ಮಿಲ್ಲು, ಕಾಲೇಜು, ವ್ಯಾಪಾರ ಎಲ್ಲ ಆ ಕಡೆಗೆ ಹೋಯ್ತು. ಹರಿಹರ ಹೋಗುವಾಗ ತುಂಗಭದ್ರೆಯನ್ನೂ ಕರೆದುಕೊಂಡು ಹೋಯ್ತು. "ನಮಗೆ ಉಳಿದಿದ್ದು ಕಲ್ಲು ಮತ್ತೆ ಗಾಳಿ" ಅಂತ ನಮ್ಮ ಹಿರಿಯ ಮೇಷ್ಟ್ರು ಹೇಳ್ತಾ ಇದ್ದರು. ಕಲ್ಲು ಕೋಟೆಯದ್ದು, ಗಾಳಿ ಗುಡ್ಡದ ಮೇಲಿನ ಗಾಳಿಯಂತ್ರಗಳದ್ದು. ಕುಡಿಯುವ ನೀರಂತೂ ಮಾರಿಕಣಿವೆಯಿಂದ, ದಾವಣಗೆರೆ ಜಿಲ್ಲೆಯ ಶಾಂತಿಸಾಗರದಿಂದ ಪೈಪಿನಲ್ಲಿ ಬರಬೇಕು. ನಾನು ಮಾತ್ರ ಆ ಚಿಲ್ಲರೆಯ ಬಗ್ಗೆ ಯೋಚಿಸ್ತಾ ಇದ್ದೆ. ಅದರಲ್ಲಿ ಸುಮಾರು 600 ತಲೆ ನಾನು ಬರೆದಿದ್ದು. ಗುಡಿ ಜಗಲಿಯವನು ಅದರೊಳಗೆ ಇದ್ದಾನೆ. ಪೇಡಾ ಮಗು ಇಲ್ಲ.

2022ರ ಸೆಪ್ಟೆಂಬರ್ 2ರಂದು ಮಾರಿಕಣಿವೆ ಕೋಡಿ ಬಿತ್ತು. 89 ವರ್ಷದ ಮೇಲೆ! ಇಡೀ ಜಿಲ್ಲೆಗೆ ಹಬ್ಬ. ಆ ಭಾನುವಾರ ನಾನೂ ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದೆ. ಹಿರಿಯೂರು ದಾಟಿದ ಮೇಲೆ ರಸ್ತೆ ತುಂಬ ಜನ, ಟ್ರಾಕ್ಟರ್, ಮಂಡಕ್ಕಿ ಗಾಡಿ. ಕೋಡಿಯ ನೀರು ಮಣ್ಣುಬಣ್ಣಕ್ಕೆ ತಿರುಗಿ ಬಂಡೆ ಮೇಲೆ ಜಾರಿ ಬೀಳ್ತಾ ಇತ್ತು. ನಿಜ ಹೇಳಬೇಕಂದ್ರೆ ನಮ್ಮೂರಿನ ಯಾವ ಹಳ್ಳವೂ ಮಳೆಗಾಲದಲ್ಲಿ ಇದಕ್ಕಿಂತ ಜೋರಾಗಿರುತ್ತೆ. ಆದರೆ ಪಕ್ಕದಲ್ಲಿದ್ದ ಗಂಡಸೊಬ್ಬ ಚಪ್ಪಲಿ ಬಿಟ್ಟು ನೀರಿಗೆ ಕೈಮುಗಿದ. ಅದನ್ನು ನೋಡಿ ನಾನೂ ಬಿಟ್ಟೆ.

ವಾಪಸ್ ಬರುವಾಗ ಅಜ್ಜಿ ನೆನಪಾದರು. ಇದ್ದರೆ 90ರ ಆಸುಪಾಸು. ಹೇಳಲೇಬೇಕು ಅನ್ನಿಸಿ, ಒಂದು ಸಣ್ಣ ಬಾಟಲಿಯಲ್ಲಿ ಕೋಡಿ ನೀರನ್ನೂ ತುಂಬಿಕೊಂಡಿದ್ದೆ. ಹಳೇ ಊರಿಗೆ ಬಂದು, ಗುಂಡು ಬಳಸಿ, ಮೆಟ್ಟಿಲು ಹತ್ತಿದೆ. ಜಗಲಿ ಇರಲಿಲ್ಲ. ಅದನ್ನು ಒಡೆದು ರೋಲಿಂಗ್ ಶಟರ್ ಹಾಕಿದ್ದರು, ಮೊಬೈಲ್ ರಿಪೇರಿ ಅಂಗಡಿ. ಅಂಗಡಿ ಹುಡುಗ ಫೋನಿನಿಂದ ತಲೆ ಎತ್ತಿ, "ಅಜ್ಜಿನಾ? ಚೆನ್ನಾಗಿದಾರೆ ಸಾರ್" ಅಂದ. ಮೊಮ್ಮಗನಿಗೆ ಕೆಲಸ ಸಿಕ್ಕಿತಂತೆ, ಮನೆ ಬಾಡಿಗೆಗೆ ಕೊಟ್ಟು ಅಜ್ಜಿಯನ್ನೂ ಕರೆದುಕೊಂಡು ಹೋದನಂತೆ.

"ಎಲ್ಲಿಗೆ?" ಅಂದೆ.

"ಇನ್ನೆಲ್ಲಿಗೆ ಸಾರ್, ದಾವಣಗೆರೆಗೆ."